ಗುರ್ ಎನ್ನದ ಗಾಡಿ

ಕಿರಿಮಂಜೇಶ್ವರದ ಆಚೆ, ನಮ್ಮ ದಂಡೆಗೆ ಜೆಟ್ಟಿ ಬರುವುದು ಚುನಾವಣೆಗೊಮ್ಮೆ, ಅದೂ ಮೈಕಿನಲ್ಲಿ. ಮೈಕು ಇಳಿದ ಮೇಲೆ ನಾಡದೋಣಿಯನ್ನು ಮರಳಿಗೆ ಎಳೆದುಕೊಳ್ಳುವವರು ನಾವೇ. ಹಾಗಾಗಿ ಇಲ್ಲಿ ಪಿಕಪ್ಪಿಗೆ ಎರಡು ಕೆಲಸ: ಮೊದಲು ದೋಣಿ ಎಳೆಯಬೇಕು, ಆಮೇಲೆ ಮೀನು ಹೊರಬೇಕು. ಇಷ್ಟು ವರ್ಷ ಎರಡನ್ನೂ ಸುಧಾಕರನ ಡೀಸೆಲ್ ಗಾಡಿ ಮಾಡುತ್ತಿತ್ತು. ಈ ಸಲ ಮೀನು ಮಾರುವ ಪುಷ್ಪ ಕರೆಂಟಿನ ಪಿಕಪ್ ತಂದು, ಈ ಹಂಗಾಮಿನ ಬಾಡಿಗೆ ತನಗೇ ಬೇಕೆಂದು ದೋಣಿಯ ಯಜಮಾನ ಚಂದಯ್ಯನ ಮುಂದೆ ನಿಂತಳು.

"ಹ್ವಾಯ್, ಇದ್ ಗಾಡಿಯಾ, ಮಿಕ್ಸಿಯಾ?" ಸುಧಾಕರ ಕೇಳಿದ.

"ಮಿಕ್ಸಿ ಆರೆ ಮೊದ್ಲ್ ನಿಮ್ಮನ್ನೇ ಹಾಕಿ ತಿರ್ಗ್ಸ್ತೆ ಸುಧಾಕರಣ್ಣ."

ಚಂದಯ್ಯ ನಕ್ಕ. "ಇವತ್ತ್ ದೋಣಿ ಎಳ್ದ್ ಮೇಲ್ ಹಾಕ್. ಬಾಡ್ಗಿ ನಿಂದ್. ಇಲ್ದಿರೆ ಸುಧಾಕರಂದೇ."

ಗಾಡಿಗೆ ಹಗ್ಗ ಕಟ್ಟಿದರು. ಗಂಡಸರು ದೋಣಿಯ ಎರಡು ಬದಿಗೆ ನಿಂತರು. ದೋಣಿ ಉರುಳುತ್ತ ಬರಲೆಂದು ಅದರ ಕೆಳಗೆ ಮರದ ದಿಮ್ಮಿ ಇಡಲು ಸೋಮ ಬಗ್ಗಿದ. ಪುಷ್ಪ ಗಾಡಿ ಹತ್ತಿ ಪೆಡಲ್ ಒತ್ತಿದಳು. ಎಲ್ಲರೂ ಕಾಯುತ್ತಲೇ ಇದ್ದರು. ಒಬ್ಬ ಬೀಡಿಗೆ ಕಡ್ಡಿ ಗೀರಿದ. ಅಷ್ಟರಲ್ಲಿ ಹಗ್ಗ ಬಿಗಿದು ದೋಣಿ ಜಗ್ಗನೆ ಮುಂದೆ ಬಂತು, ದಿಮ್ಮಿ ತಪ್ಪಿ ಮೂತಿ ಒದ್ದೆ ಮರಳಿಗೆ ಹೂತಿತು. ಸೋಮ ಕಾಲ್ಬೆರಳು ಉಳಿಸಿಕೊಳ್ಳಲು ಹಾರಿದ. ಹಿಂದಿನಿಂದ ಅಲೆ ಬಂದು ದೋಣಿಯ ಬೆನ್ನಿಗೆ ಬಡಿಯಿತು.

"ಇದ್ರ ಕೈಯಲ್ ಆಪುದಲ್ಲ!" ಸುಧಾಕರ ಚಪ್ಪಾಳೆ ತಟ್ಟಿದ.

ಪುಷ್ಪ ಇಳಿದು ಬಂದಳು. "ನೀವ್ ಎಂತಕ್ಕ್ ದೂಡ್ಲಿಲ್ಲ?"

"ನೀನ್ ಗಾಡಿ ಶುರು ಮಾಡ್ಲೇ ಇಲ್ಯಲೆ!" ಸೋಮ ರೇಗಿದ.

"ಮಾಡ್ದೆ ದೋಣಿ ತನ್ನಷ್ಟಕ್ಕೇ ಬಂತಾ?"

"ಗುರ್ ಅಂದ್ರಲ್ದಾ ನಮ್ಗ್ ಗೊತ್ತಾಪ್ದ್!"

ಆಗಲೇ ಅವಳಿಗೆ ಹೊಳೆದದ್ದು. ಇವರೆಲ್ಲ ವರ್ಷಗಟ್ಟಲೆ ಸುಧಾಕರನ ಇಂಜಿನ್ನಿಗೆ ಕಿವಿಗೊಟ್ಟು ದೂಡಿದವರು. ಅದು ಗುರ್ ಎಂದರೆ ಹೆಗಲು ಕೊಡುವುದು, ಉಸಿರು ಎಳೆದರೆ ದಿಮ್ಮಿ ಬದಲಿಸುವುದು. ಅರ್ಧ ಭಾರ ಇವರ ಹೆಗಲಿನದು, ಹೆಸರು ಹೊಗೆಯದು. ಸದ್ದು ಮಾಡಿದವನೇ ಎಳೆದವನು ಎಂದು ನಂಬುವ ಚಟ ನಮಗೆ ಮತಗಟ್ಟೆಯಲ್ಲೂ ಇದೆ.

ಮೂತಿಯ ಮರಳು ಬಗೆದು ದಿಮ್ಮಿ ಇಡಿಸಿದಳು. ಮತ್ತೆ ಗಾಡಿ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ದೋಣಿ ದೂಡಲು ದಂಡೆಯಲ್ಲಿ ಗಂಡಸರು ಮಾತ್ರ ಎತ್ತುವ ಕೂಗನ್ನು ಎತ್ತಿದಳು: "ಓ... ಬೇಲಾ...!"

"ಐಸಾ!" ಎಂದುಬಿಟ್ಟರು ಗಂಡಸರು. ಕೂಗಿದ್ದು ಯಾರೆಂದು ಯೋಚಿಸುವ ಮೊದಲೇ ಹೆಗಲು ದೋಣಿಗೆ ತಾಗಿತ್ತು. ಅವಳು ಕೂಗಿದಾಗಲೆಲ್ಲ ಗಾಡಿ ಎಳೆಯಿತು, ಇವರು ದೂಡಿದರು, ಸೋಮ ದಿಮ್ಮಿ ಬದಲಿಸಿದ. ಒಣ ಮರಳು ಸಿಕ್ಕಿದ ಮೇಲೆಯೇ ದೋಣಿ ನಿಂತದ್ದು.

ಚಂದಯ್ಯ ಬೆವರು ಒರೆಸಿಕೊಂಡ. "ಹೆಂಗ್ಸ್ರ್ ಕೂಗೂ ಕ್ರಮ ಇಲ್ಲೆ, ಹೆಣೆ."

"ಹಂಗಾರೆ ದೋಣಿ ಕೆಳ್ಗ್ ದೂಡ್ವನಾ? ನೀವೇ ಕೂಗಿ, ಮತ್ತೊಂದ್ಸಲ ಎಳೆವ."

ಸುಸ್ತಾಗಿ ಮರಳಿನಲ್ಲಿ ಕುಳಿತಿದ್ದ ಗಂಡಸರು ಯಾರೂ ಏಳಲಿಲ್ಲ. ಚಂದಯ್ಯ ಮೀನಿನ ಬುಟ್ಟಿಯೊಂದನ್ನು ಎತ್ತಿ ಪುಷ್ಪಳ ಗಾಡಿಗೇ ಇಟ್ಟ. ಇಟ್ಟವನು ಒಳಗೆ ಬಗ್ಗಿ ನೋಡಿದ. "ಬ್ಯಾಟ್ರಿ ಅರ್ಧ ಖಾಲಿ ಆಯ್ತಲೆ. ಬ್ರಹ್ಮಾವರದ್ ಮಾರ್ಕೆಟಿಗ್ ಮುಟ್ಟತ್ತಾ?"

"ದಾರಿಯಲ್ ಕುಂದಾಪ್ರದಲ್ ನಾನ್ ಚಾ ಕುಡಿತೆ, ಇದ್ ಕರೆಂಟ್ ಕುಡಿತ್ತ್."

"ಅಲ್ಲಿ ಕರೆಂಟೇ ಇಲ್ದಿರೆ?"

"ಸುಧಾಕರಣ್ಣ ಇದ್ದ್ರಲೆ, ಹಗ್ಗ ಕಟ್ಟಿ ಎಳೀಲಿ," ಪುಷ್ಪ ಬಾಗಿಲು ಎಳೆದುಕೊಂಡಳು. "ಗುರ್ ಅಂಬುಕೆ ಅವ್ರಿಗೂ ಒಂದ್ ಕೆಲ್ಸ ಬೇಕಲ್ದಾ?"