ಅತ್ತಿಗೆಯ ಬದುವಿಗೆ ಬಂದು ಬಿದ್ದ ಮೈದುನನ ಗೊಬ್ಬರ

ಮಳೆ ನಿಂತು ಅರ್ಧ ಗಂಟೆಯೂ ಆಗಿರಲಿಲ್ಲ, ಮೈದುನ ಬುಟ್ಟಿ ಹಿಡಿದುಕೊಂಡು ಅತ್ತಿಗೆಯ ಹೊಲಕ್ಕೆ ಇಳಿದು ಬಂದ. ಇಳಿಜಾರಿನಲ್ಲಿ ಅವನದು ಮೇಲಿನ ಹೊಲ, ಅವಳದು ಕೆಳಗಿನದು. ಇಬ್ಬರದೂ ಸಾವಯವ ಬೇಸಾಯ.

"ಅತ್ತಿಗೆ, ನನ್ನ ಗೊಬ್ಬರ ಎಲ್ಲಾ ಕೊಚ್ಕೊಂಡು ನಿಮ್ಮ ಬದುವಿಗೆ ಬಂದಿದೆ, ವಾಪಸ್ ಕೊಡಿ."

ಅತ್ತಿಗೆಗೆ ಮೈಯೆಲ್ಲಾ ಉರಿದುಹೋಯಿತು. ಮಳೆಯಲ್ಲಿ ನೆನೆಯುತ್ತಲೇ ಬದುವಿಗೆ ಮಣ್ಣು ಮೆತ್ತಿ ಅವಳ ಸೊಂಟ ಬಿದ್ದುಹೋಗಿತ್ತು. ಇಂಥದ್ದೇ ಇನ್ನೊಂದು ಮಳೆ ಬಂದರೆ ಬದು ಒಡೆಯುವುದು ಖಂಡಿತ. ಮೂರು ವರ್ಷ ಸೊಪ್ಪು, ಸಗಣಿ ಹಾಕಿ ಹದ ಮಾಡಿದ ಮಣ್ಣು ಹಳ್ಳದ ಪಾಲು. ಇವನಿಗೆ ಗೊಬ್ಬರದ ಚಿಂತೆ!

"ನಾನೇನು ಕದ್ದೆನಾ? ಮೇಲಿಂದ ಕೆಳಕ್ಕೆ ನೆಟ್ಟಗೆ ಉತ್ತು ನೀರಿಗೆ ದಾರಿ ಮಾಡಿಕೊಟ್ಟೋನು ನೀನು. ಇಳಿಜಾರಿಗೆ ಅಡ್ಡ ಉಳು ಅಂತ ಎಷ್ಟು ಸಲ ಬಾಯಿ ಬಡ್ಕೊಂಡೆ?"

"ನಂದು ಉದ್ದನೆ ಪಟ್ಟಿ. ಅಡ್ಡ ಉಳೋಕೆ ಹೋದ್ರೆ ಹೆಜ್ಜೆಗೊಂದು ಸಲ ಟ್ರ್ಯಾಕ್ಟರ್ ತಿರುಗಿಸಬೇಕು. ಡ್ರೈವರ್ ಬೈತಾನೆ. ಬದು ಹಾಕಿದ್ರೆ ಎರಡು ಸಾಲು ಜಾಗ ಹೋಗುತ್ತೆ. ಹುಲ್ಲು ಹೊದಿಸಿದ್ರೆ ಇಲಿ ಸೇರ್ಕೊಳ್ಳುತ್ತೆ."

"ಎಲ್ಲಾ ನಿಜ ಮಾರಾಯ! ನನಗೂ ಇಲಿ ಕಾಟ ಇದೆ. ಬದು ಮೇಲಿನ ಹುಲ್ಲು ಕೊಯ್ದು ಕೈಯೆಲ್ಲಾ ಬೊಬ್ಬೆ. ಆದ್ರೆ ನಾವೇನು ಅಂಗಡಿ ಗೊಬ್ಬರದ ಚೀಲ ತಂದು ಸುರಿಯೋರಾ? ಈ ಮೇಲ್ಮಣ್ಣೇ ನಮ್ಮ ಬಂಡವಾಳ. ಅದೂ ಹೋದ್ಮೇಲೆ ಕಲ್ಲಿನ ಮೇಲೆ ಬೀಜ ಬಿತ್ತುತ್ತೀಯಾ?"

ಮೈದುನ ಮುಖ ಊದಿಸಿಕೊಂಡು, ಬದುವಿಗೆ ತಡೆದು ನಿಂತಿದ್ದ ಕಪ್ಪು ಮಣ್ಣನ್ನು ಬುಟ್ಟಿಗೆ ತುಂಬಿದ.

"ಹೊತ್ಕೊಂಡು ಹೋಗು. ಒಂದು ಹಿಡಿನೂ ಬಿಡಬೇಡ!"

ಹಟಕ್ಕೆ ಬಿದ್ದು ಆರು ಬುಟ್ಟಿ ಹೊತ್ತ. ಒದ್ದೆ ಮಣ್ಣು, ಏರು ದಾರಿ. ಏಳನೆಯದನ್ನು ಸುರಿದು ಏದುಸಿರು ಬಿಡುತ್ತಾ ನಿಂತಾಗ, ಸಾಲಿನಲ್ಲಿ ಇನ್ನೂ ಹರಿಯುತ್ತಿದ್ದ ನೀರು ಆ ಮಣ್ಣನ್ನು ಕರಗಿಸಿಕೊಂಡು ಅವನ ಕಾಲ ಪಕ್ಕದಲ್ಲೇ ಮತ್ತೆ ಕೆಳಗಿಳಿಯಿತು. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಬುಟ್ಟಿ ಅಲ್ಲೇ ಬಿಟ್ಟು ಇಳಿದು ಬಂದ.

"ಅತ್ತಿಗೆ, ಬದು ಹಾಕೋಕೆ ಅಡ್ಡ ಗೆರೆ ಗುರುತು ಮಾಡೋದು ಹೇಗೆ?"

"ಈಗ ಕೇಳ್ತೀಯಾ! ಆಯ್ತು, ಗುದ್ದಲಿ ತಗೋ. ಮೊದಲು ನಿನ್ನ ಹೊಲದಲ್ಲಿ ನೀರು ನಿಲ್ಲಿಸೋಣ, ಆಗಲೇ ನನ್ನ ಬದು ಉಳಿಯೋದು. ಮುಂದಿನ ಉಳುಮೆ ದಿನ ಡ್ರೈವರ್ ಹತ್ರ ನಾನೇ ಮಾತಾಡ್ತೀನಿ. ಬೈದ್ರೆ ನನಗೆ ಬೈಲಿ."

ಸಂಜೆಯೊಳಗೆ ಮೇಲಿನ ಹೊಲಕ್ಕೆ ಅಡ್ಡವಾಗಿ ಎರಡು ಬದು ಎದ್ದವು. ಇಬ್ಬರೂ ಸುಸ್ತಾಗಿದ್ದರು, ಅತ್ತಿಗೆಯ ಗೊಣಗಾಟವಂತೂ ನಿಂತಿರಲಿಲ್ಲ.

ರೈತ ಬಂಧುಗಳೇ, ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿ, ಬದು ಹಾಕಿ, ನೆಲವನ್ನು ಬರಿದಾಗಿ ಬಿಡಬೇಡಿ. ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನೀರಿಗೆ ನಿಮ್ಮ ಹೊಲ, ಅವರ ಹೊಲ ಅಂತ ಗೊತ್ತಿಲ್ಲ. ಮೇಲಿನವರು, ಕೆಳಗಿನವರು ಕೂತು ಮಾತಾಡಿ. ಜಗಳವಾದರೂ ಪರವಾಗಿಲ್ಲ, ಮಳೆಗೆ ಮುಂಚೆ ಆಗಲಿ.