ನಾಲ್ಕನೇ ಜ್ವರ

ದೆಹಲಿಯ ಸಲಹಾ ಮಂಡಳಿಯೊಂದು ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳ ಪ್ರಕಾರ ಯೋಜನೆ ಹಾಕಲು ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯನ್ನು ಆರಿಸಿಕೊಂಡಿತು. ಊರಿನ ಹೆಂಗಸರನ್ನು ಸಭೆಗೆ ಸೇರಿಸುವ ಹೊಣೆ ಭಾನುಪ್ರಕಾಶನದು. ಮನುಷ್ಯ ಒಳ್ಳೆಯವನೇ, ಸುಳ್ಳು ಹೇಳಬಾರದು. ಆದರೆ ಬೆಳೆದದ್ದು ಕುಡುಮಲಕುಂಟೆಯ ಕಾರ್ಖಾನೆಗಳ ಪಕ್ಕ. ರೇಷ್ಮೆ ಎಂದರೆ ಅವನಿಗೆ ಸೀರೆ, ಅಷ್ಟೇ.

ಅವನು ಮಹಿಳಾ ಸಂಘದ ಮುನಿಶಾಮಮ್ಮನಿಗೆ ಫೋನ್ ಮಾಡಿದ.

"ಸಭೆಗೆ ಬರಕ್ಕಾಗಲ್ಲ ಕಣಪ್ಪ. ಊರ್ತುಂಬಾ ನಾಲ್ಕನೇ ಜ್ವರ. ನಮ್ಮನೇಲೂ ಎಲ್ಲಾ ಮಲ್ಕೊಂಡವೆ" ಎಂದಳು ಅವಳು.

ರೇಷ್ಮೆಹುಳ ಪೊರೆ ಬಿಡಲು ಮೇವು ಬಿಟ್ಟು ಅಲುಗದೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದೇ ಕೊನೆಯದು; ಎದ್ದು ಒಂದು ವಾರ ಸೊಪ್ಪು ಮೇದರೆ ಗೂಡು. ಗಂಡ ತೀರಿಕೊಂಡ ಮೇಲೆ ಮುನಿಶಾಮಮ್ಮ ಒಬ್ಬಳೇ ಮೇಯಿಸಿದ ಮೊದಲ ಬೆಳೆ ಇದು. ಒಂಟಿ ಹೆಂಗಸಿನ ಕೈಗೆ ಹುಳ ಒಗ್ಗುವುದಿಲ್ಲ ಎಂದು ಮೈದುನ ಎರ್ರಪ್ಪ ಊರೆಲ್ಲ ಆಡಿಕೊಂಡಿದ್ದ. ಬೆಳೆ ಗೂಡಾದರೆ ಹುಳದ ಮನೆ ಅವಳದು, ಕೆಟ್ಟರೆ ಅವನದು ಎಂದು ಹಿರಿಯರ ಮುಂದೆ ಮಾತಾಗಿತ್ತು.

ಭಾನುಪ್ರಕಾಶನಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಊರಿಗೆ ಊರೇ ಮಲಗಿದೆಯಲ್ಲ ಎಂದು ಕರುಳು ಚುರ್ ಎಂದಿತು. ಬೆಂಗಳೂರಿನಲ್ಲಿದ್ದ ಮೇಲಧಿಕಾರಿ ಮಧುಸೂದನ್‌ಗೆ ತಿಳಿಸಿದ.

"ಇದು ಮೂರನೇ ಗುರಿ ಕಣ್ರೀ, ಆರೋಗ್ಯ. ಮೊದಲು ಸೊಳ್ಳೆಗೆ ಹೊಗೆ ಹಾಕ್ಸಿ" ಎಂದರು ಅವರು.

ನಾಲ್ಕನೇ ಜ್ವರ ಮೂರನೇ ಗುರಿಗೆ ಹೇಗೆ ಬಂತೆಂದು ಭಾನುಪ್ರಕಾಶ ತಲೆ ಕೆರೆದುಕೊಂಡ. ಕೇಳಿದರೆ ದಡ್ಡ ಎಂದಾರು ಎಂದು ಕೇಳಲಿಲ್ಲ. ಬಾಡಿಗೆಗೆ ಹೊಗೆ ಗಾಡಿ ಹಿಡಿದು ತಾನೇ ಜೊತೆಗೆ ಬಂದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ.

ಊರ ಮೊದಲ ಮನೆಯೇ ಮುನಿಶಾಮಮ್ಮನದು. ಹಿಪ್ಪುನೇರಳೆ ತೋಟದಲ್ಲಿದ್ದವಳು ವಾಸನೆ ಹಿಡಿದು ಸೊಪ್ಪು ಎಸೆದು ಓಡಿ ಬಂದಳು. ಹೊಗೆ ಆಗಲೇ ಕಿಟಕಿಯಿಂದ ಒಳಗೆ ನುಗ್ಗಿತ್ತು.

"ಒಳಗೆ ಎಷ್ಟು ಜನಕ್ಕೆ ಜ್ವರ ಅಮ್ಮ?" ಎಂದು ಭಾನುಪ್ರಕಾಶ ಕೇಳಿದ.

"ಜನ ಯಾರಪ್ಪ? ಹುಳ! ನನ್ ಹುಳ!"

ಅವನೂ ಅವಳ ಹಿಂದೆ ಒಳಗೆ ಓಡಿದ. ತಲೆ ಎತ್ತಿ ಕೂತಿದ್ದ ಹುಳಗಳು ತಟ್ಟೆಗಳಲ್ಲಿ ವಾಲಿ ಬೀಳುತ್ತಿದ್ದವು. ಅವಳು ಸೀರೆಯ ಸೆರಗಿನಿಂದ ಬೀಸಿದಳು, ಬೀಸಿದಳು. ಕೊನೆಗೆ ಕೈ ಬಿಟ್ಟಳು. ಅವಳ ಮುಖ ನೋಡಲಾರದೆ ಅವನು ಹೊರಗೆ ಬಂದ. ತಲೆಯಲ್ಲಿ ಇನ್ನೂ ಗೊಂದಲ. ಜ್ವರ ಎಂದಳಲ್ಲ, ಜ್ವರ ಎಂದೇ ಅಂದಳಲ್ಲ!

ಫೋನ್ ಬಂತು. "ಹೇಗಿದೆ ಜ್ವರ?" ಎಂದರು ಮಧುಸೂದನ್.

"ಎಲ್ಲಾ ಹೋಯ್ತು ಸಾರ್. ಒಂದೂ ಉಳೀಲಿಲ್ಲ."

"ಶಭಾಷ್! ಮಿಕ್ಕ ಮನೆಗಳಿಗೂ ಹಾಕ್ಸಿಬಿಡಿ" ಎಂದು ಇಟ್ಟೇಬಿಟ್ಟರು.

ಅದು ಗಾಡಿಯವನಿಗೂ ಕೇಳಿಸಿತು. ಭಾನುಪ್ರಕಾಶ ಬಾಯಿ ಬಿಡುವುದರೊಳಗೆ ಅವನು ಮುಂದಿನ ಮನೆಗೆ ತಿರುಗಿಸಿದ. ಅದು ಎರ್ರಪ್ಪನ ಮನೆ. ಬಾಗಿಲಿಗೆ ಬೀಗ, ಅವನು ಚಿಂತಾಮಣಿಗೆ ಹೋಗಿದ್ದ.

ಮುನಿಶಾಮಮ್ಮ ಹೊರಗೆ ಬಂದಳು. ನೆಟ್ಟಗೆ ಹೋಗಿ ಗಾಡಿಗೂ ಮೈದುನನ ಕಿಟಕಿಗೂ ನಡುವೆ ಕೂತಳು.

"ಆರ್ಸಪ್ಪ ಅದನ್ನ" ಎಂದಳು. "ಅವ್ನವೂ ಮಲ್ಕೊಂಡವೆ."