ಒಗರು ತಪ್ಪಿದ ಮಸಿ

ಬೆರಳ ತುದಿಗೆ ಹತ್ತಿದ ಮಸಿಯನ್ನು ತಬಾವ ನಾಲಿಗೆಗೆ ಮುಟ್ಟಿಸಿದಳು, ಉಗುಳಿದಳು, ಮತ್ತೆ ಮುಟ್ಟಿಸಿದಳು. ಈ ಗಡಿಗೆಯದೂ ಸಿಹಿ. ಬೆಲ್ಲದ ಸಿಹಿಯಲ್ಲ, ಹಳೆಯ ಚಮಚ ಚೀಪಿದರೆ ಬಾಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಜಾಲಿಕಾಯಿ ಜಜ್ಜಿ, ನೆನೆಹಾಕಿ, ಹುಳಿ ಬಂದ ಮೇಲೆ ಕುದಿಸಿ ಕಾಸಿದ ಮಸಿ ಒಗರಾಗಿರಬೇಕು. ನಾಲಿಗೆ ಮುದುಡಬೇಕು. ಮೂವತ್ತು ವರ್ಷ ಹಾಗೇ ಇತ್ತು.

ಬದಲಾದದ್ದು ಅದಕ್ಕೆ ಬೆರೆಸುವ ಹೊಗೆಯ ಕರಿ ಮಾತ್ರ. ಝಾರಿಯಾದ ಹಳೇ ಕೋಟೆಯೊಳಗೆ ಈಗ ಮನೆಮನೆಗೂ ಗ್ಯಾಸ್ ಬಂದಿದೆ. ಮಡಕೆಯ ತಳ ಕೆರೆದರೆ ಒಂದು ಚಿಟಿಕೆ ಕರಿ ಸಿಗುವುದಿಲ್ಲ. ನಾಲ್ಕು ತಿಂಗಳ ಹಿಂದೆ ಅಕ್ಕನ ಮಗಳು ಅಸಾಬೆಯ ಗಂಡ ಸುಲೆ ತಾನಾಗಿಯೇ ಕರಿಯ ಚೀಲ ತಂದುಕೊಟ್ಟಿದ್ದ. ಅವನದು ಹಳೇ ಕಾರು ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ. ಶೆಡ್ಡಿನ ತಗಡಿಗೆ ಅಂಟಿದ ಕರಿ ರೇಷ್ಮೆಯ ಹಾಗೆ ನುಣುಪಾಗಿತ್ತು. ಗೋಂದಿನ ಜೊತೆ ಕಲಸಿದಾಗ ಅಂಥ ಕಪ್ಪನ್ನು ತಬಾವ ತನ್ನ ಕಾಲದಲ್ಲೇ ಕಂಡಿರಲಿಲ್ಲ.

ಮದರಸಾದ ಗುರು ಮಾಲಮ್ ದಲ್ಹಾಟು ಕೂಡ ಕಂಡಿರಲಿಲ್ಲವಂತೆ. ಅವರು ತಬಾವ ಕೊಯ್ದುಕೊಟ್ಟ ಜೋಳದ ದಂಟಿನ ಲೆಕ್ಕಣಿಕೆಯಿಂದ ಮರದ ಹಲಗೆಯ ಮೇಲೆ ದೇವರ ವಾಕ್ಯ ಬರೆಯುವರು. ಆಮೇಲೆ ಅದನ್ನು ನೀರಿನಲ್ಲಿ ತೊಳೆದು, ಆ ಕಪ್ಪು ನೀರನ್ನು ಕಾಯಿಲೆಯವರಿಗೂ ಬಸುರಿಯರಿಗೂ ಕುಡಿಯಲು ಕೊಡುವರು. ಈಚೆಗೆ ಮಕ್ಕಳು ಸಹ ಮುಖ ಸಿಂಡರಿಸದೆ ಕುಡಿಯುತ್ತಾರೆ ಎಂದು ಅವರು ಹೇಳಿದಾಗ ತಬಾವ ಹಿಗ್ಗಿದ್ದಳು. ಎರಡು ಸಲ ಬಸಿರು ಇಳಿದಿದ್ದ ಅವಳ ಹಿರಿ ಮಗಳೂ ಈಗ ಆರು ತಿಂಗಳು ತುಂಬಿ, ದಿನಾ ಬೆಳಿಗ್ಗೆ ಒಂದು ಬಟ್ಟಲು ಕುಡಿಯುತ್ತಿದ್ದಳು. ಅದನ್ನು ತಬಾವ ಬೇರೆಯವರ ಬಾಯಿಂದ ಕೇಳಿದ್ದು. ಆ ಊರಿನ ರೂಢಿಯಲ್ಲಿ ಚೊಚ್ಚಲ ಮಗುವಿನ ಹೆಸರನ್ನು ತಾಯಿಯಾದವಳು ಬಾಯಿಬಿಟ್ಟು ಹೇಳುವುದಿಲ್ಲ, ಆ ಮಗು ಬೆಳೆದು ಬಸಿರಾದರೂ ಬಸಿರು ಬಾಣಂತನ ವಿಚಾರಿಸುವುದಿಲ್ಲ. ಅದು ನಾಚಿಕೆ.

ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ತಬಾವ ಸುಲೆಯ ಶೆಡ್ಡಿಗೆ ಹೊರಟಳು. ಬೀಗ ಬಿದ್ದಿತ್ತು. ಪಕ್ಕದ ಮನೆಯಂಗಳದಲ್ಲಿ ಅಸಾಬೆ ಒಬ್ಬಳೇ ಕೂತು ಗಂಡನ ಬಟ್ಟೆಗಳನ್ನು ಹೊಂಡಕ್ಕೆ ಹಾಕಿ ಸುಡುತ್ತಿದ್ದಳು.

"ಹತ್ರ ಬರಬೇಡ ಚಿಕ್ಕಮ್ಮ, ಹೊಗೆ ಕುಡೀಬೇಡ," ಎಂದಳು.

"ಸುಲೆ ಎಲ್ಲಿ?"

"ಕಡುನಾ ಆಸ್ಪತ್ರೇಲಿ ಮಲಗಿಸಿದೀವಿ. ಕೈ ಎತ್ತೋಕೆ ಆಗ್ತಿಲ್ಲ ಅವರಿಗೆ. ತುತ್ತು ನಾನೇ ಇಡಬೇಕು. ರಕ್ತದಲ್ಲೆಲ್ಲ ಸೀಸ ಸೇರಿದೆಯಂತೆ. ಶೆಡ್ಡು ಗುಡಿಸಬೇಡಿ, ಆ ಕರಿ ಮುಟ್ಟಲೇಬೇಡಿ ಅಂದ್ರು ಡಾಕ್ಟ್ರು. ಎರಡು ಆಡು ಹೋದ್ವು, ಮೇವು ಅಲ್ಲೇ ಇಡ್ತಿದ್ವಲ್ಲ." ಕೋಲಿನಿಂದ ಬಟ್ಟೆ ತಿರುವಿಹಾಕಿ ಅವಳು ತಲೆಯೆತ್ತಿದಳು. "ನಿಂಗೂ ಒಂದು ಚೀಲ ಕೊಟ್ಟಿದ್ರಲ್ವಾ?"

"ಎರಡು."

"ಹೋಗ್ಲಿ ಬಿಡು. ಮಸಿಗೆ ತಾನೇ. ಬರೆಯೋದಕ್ಕಷ್ಟೇ ಅಲ್ವಾ?"

ತಬಾವ ಆಗಲೇ ಓಣಿಯ ಕಡೆ ತಿರುಗಿದ್ದಳು. ಅಸಾಬೆಯ ಕೈಯಲ್ಲಿದ್ದ ಕೋಲು ನಿಂತಿತು.

ಮಗಳ ಮನೆಗೆ ಹೋಗುವ ಓಣಿಯಲ್ಲೇ ಮಾಲಮ್ ಅವರ ಜಗುಲಿ. ತೊಳೆದ ಹಲಗೆಗಳು ಗೋಡೆಗೆ ಒರಗಿ ಒಣಗುತ್ತಿದ್ದವು. ತಬಾವ ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಂತಳು.

"ಗುರುಗಳೇ, ಇನ್ನು ಯಾರಿಗೂ ಕುಡಿಸಬೇಡಿ. ಕರೀಲಿ ವಿಷ ಇತ್ತಂತೆ."

ಮಾಲಮ್ ಬರೆಯುತ್ತಿದ್ದ ಸಾಲು ಮುಗಿಸಿದರು. "ಕೂತ್ಕೊಳ್ಳಕ್ಕ. ಬರೆದಿರೋದು ಯಾರ ಮಾತು ಅಂತ ಗೊತ್ತಲ್ಲ? ಅದಕ್ಕೆ ಯಾವ ವಿಷ ತಟ್ಟುತ್ತೆ?"

"ಮಾತು ಅವನದು, ಸರಿ. ಮಸಿ ನನ್ನದು."

ಅವರು ಲೆಕ್ಕಣಿಕೆಯನ್ನು ಕೆಳಗಿಟ್ಟರು. ಒಣಗುತ್ತಿದ್ದ ಹಲಗೆಗಳ ಕಡೆ ನೋಡಿದರು. "ಯಾರಿಗೆ ಕೊಟ್ರೂ ಮೊದಲ ಗುಟುಕು ನಾನೇ ಕುಡಿಯೋದು," ಎಂದರು, ತಮಗೇ ಹೇಳಿಕೊಳ್ಳುವವರ ಹಾಗೆ. ತಬಾವ ಅಷ್ಟರಲ್ಲಿ ಓಣಿ ಇಳಿದಿದ್ದಳು.

ಮಗಳು ಅಂಗಳದ ಬೇವಿನ ನೆರಳಲ್ಲಿ ಚಾಪೆ ಹಾಸಿ ಸೊಪ್ಪು ಬಿಡಿಸುತ್ತಿದ್ದಳು. ತಾಯಿಯನ್ನು ಕಂಡವಳೇ ಸಂಕೋಚದಿಂದ ಸೆರಗೆಳೆದು ಹೊಟ್ಟೆ ಮುಚ್ಚಿಕೊಂಡಳು.

"ಹಿಂದಾತು," ಎಂದಳು ತಬಾವ.

ಸೊಪ್ಪಿನ ಕಡ್ಡಿ ಮಗಳ ಕೈಯಿಂದ ಜಾರಿತು. ಇಪ್ಪತ್ತಾರು ವರ್ಷದಲ್ಲಿ ತಾಯಿಯ ಬಾಯಿಂದ ತನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. "ಅಮ್ಮ, ಯಾರು ತೀರ್ಕೊಂಡ್ರು?" ಎಂದು ಕೇಳಿದಳು.

"ಯಾರೂ ಇಲ್ಲ. ಹಲಗೆ ನೀರು ಎಷ್ಟು ದಿನದಿಂದ ಕುಡೀತಿದ್ದೀಯ?"

"ನಲವತ್ತು ದಿನ ಅಂದಿದ್ರು. ಇವತ್ತಿಗೆ ಮೂವತ್ತೇಳು." ಹಿಂದಾತು ನೆಲ ನೋಡುತ್ತ ಸಣ್ಣಗೆ ನಕ್ಕಳು. "ನಿನ್ನ ಮಸಿ ಅಂತ ತಳದ ಗಸಿ ಕೂಡ ಬಿಡ್ತಿರಲಿಲ್ಲ ನಾನು."

ತಬಾವ ಚಾಪೆಯ ಅಂಚಿನಲ್ಲಿ ಕುಕ್ಕರಿಸಿದಳು. ಕೇಳಬಾರದ್ದನ್ನು ಕೇಳಲು ನಾಲಿಗೆ ಏಳಲಿಲ್ಲ. ಬಿದ್ದ ಕಡ್ಡಿ ಎತ್ತಿ ಸೊಪ್ಪು ಬಿಡಿಸಿದಳು. "ಮಗು ಆಡುತ್ತಾ?"

ಮಗಳ ಮುಖದಿಂದ ನಗು ಹೋಯಿತು. "ಆಡ್ತಿತ್ತು. ಮೊನ್ನೆಯಿಂದ ಸುಮ್ಮನಿದೆ. ನಿದ್ದೆ ಮಾಡ್ತಿರಬೇಕು ಅಂದ್ರು ಅತ್ತೆ." ಸ್ವಲ್ಪ ತಡೆದು, "ಹೊಟ್ಟೆ ನುಲೀತಾ ಇರುತ್ತೆ ಅಮ್ಮ. ಬಾಯೆಲ್ಲ ಸಿಹಿ ಸಿಹಿ," ಎಂದಳು.

"ಏಳು."

"ಎಲ್ಲಿಗೆ? ಅವರು ಬರಲಿ, ಒಂದು ಮಾತು ಕೇಳಿ..."

"ಆಮೇಲೆ ಕೇಳೋಣ. ಹೊದಿಕೆ ತಗೋ, ಆಸ್ಪತ್ರೆಗೆ ಹೋಗೋಣ. ಏಳು ನನ್ನವ್ವ."

ಓಣಿಯ ತುದಿಯಲ್ಲಿ ಹಳದಿ ಆಟೋ ಸಿಕ್ಕಿತು. ಕೋಟೆ ಬಾಗಿಲಲ್ಲಿ ಶುಕ್ರವಾರದ ಜನ. ಕಬ್ಬು ಹೇರಿದ ಲಾರಿಯೊಂದು ಅಡ್ಡ ನಿಂತು ಗಾಡಿಗಳೆಲ್ಲ ಹಾರನ್ ಹೊಡೆಯುತ್ತಿದ್ದವು. ತಬಾವ ಮಗಳ ಹೊದಿಕೆಯೊಳಗೆ ಕೈ ತೂರಿಸಿ ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು. ಹಿಂದಾತು ನಾಚಿ ಮುಖ ತಿರುಗಿಸಿದಳು, ಕೈ ಮಾತ್ರ ಸರಿಸಲಿಲ್ಲ. ಅಂಗೈಯನ್ನು ಬಲಕ್ಕೆ ಸರಿಸಿ ತಬಾವ ಕಾದಳು. ಎಡಕ್ಕೆ ಸರಿಸಿ ಕಾದಳು. ಎಂಜಿನ್ನಿನ ನಡುಕವೇ ಬೆರಳಿಗೆ ತಾಗುತ್ತಿತ್ತು.

"ಇಂಜಿನ್ ಆರಿಸಪ್ಪ, ಒಂದು ಗಳಿಗೆ," ಎಂದಳು.

ಚಾಲಕ ಕನ್ನಡಿಯಲ್ಲಿ ಅವರಿಬ್ಬರನ್ನು ನೋಡಿದ. ಎಂಜಿನ್ ಆರಿಸಿದ. ಆಮೇಲೆ, ಯಾರೂ ಹೇಳದೆಯೇ, ರೇಡಿಯೋವನ್ನೂ ಆರಿಸಿದ.